ನೂರೈವತ್ತು ಸೆಕೆಂಡು ಮುಂದಕ್ಕೆ

ಚುಕ್ಕಿಯಮ್ಮ ಎನ್ನುವುದು ಅವರಿಗೆ ಹೆತ್ತವರು ಇಟ್ಟ ಹೆಸರಲ್ಲ. ಇಪ್ಪತ್ತೊಂಬತ್ತು ವರ್ಷ ಖಗೋಳ ಸಂಶೋಧನಾಲಯದ ಎರಡನೇ ಮಹಡಿಯಲ್ಲಿ, ಕಿರುಗುಟ್ಟುವ ಫ್ಯಾನಿನ ಕೆಳಗೆ, ಕಂಪ್ಯೂಟರ್ ಪರದೆಯ ಚುಕ್ಕಿಗಳನ್ನು ದಿಟ್ಟಿಸುತ್ತ ಕೂತದ್ದಕ್ಕೆ ಅಲ್ಲಿಯವರು ದಯಪಾಲಿಸಿದ ಬಿರುದು. ಕೆಲಸಕ್ಕೆ ಸೇರಿದ್ದು ಟೈಪಿಸ್ಟ್ ಆಗಿ. ಸೇರಿದ ಎರಡೇ ವರ್ಷಕ್ಕೆ ಟೈಪ್‌ರೈಟರುಗಳನ್ನೆಲ್ಲ ಗುಜರಿಗೆ ಹಾಕಿದರು. ಟೈಪಿಸ್ಟನ್ನು ಗುಜರಿಗೆ ಹಾಕಲು ನಿಯಮದಲ್ಲಿ ಅವಕಾಶ ಇರಲಿಲ್ಲವಾದ್ದರಿಂದ ಒಂದು ಕಂಪ್ಯೂಟರಿನ ಎದುರು ಕೂರಿಸಿ, ಇದನ್ನು ನೋಡುತ್ತಾ ಇರಿ ಎಂದರು. ಅವರೋ, ನೋಡು ಎಂದರೆ ನಿಜವಾಗಿಯೂ ನೋಡುವ ಹೆಂಗಸು. ನೋಡಿ ನೋಡಿ, ಕೊನೆಗೆ ಚುಕ್ಕಿಯಮ್ಮ ನೋಡದ ಫೈಲನ್ನು ಆ ಕಟ್ಟಡದಲ್ಲಿ ಯಾರೂ ಮುಟ್ಟದ ಹಾಗಾಯಿತು.

ನೋಡುತ್ತಿದ್ದದ್ದು ಎಕ್ಸ್-ರೇ. ಆಸ್ಪತ್ರೆಯದಲ್ಲ. ಈ ವ್ಯತ್ಯಾಸವನ್ನು ಅತ್ತೆಗೆ ತಿಳಿಸಿ ಹೇಳುವುದು ಮಾತ್ರ ಇಷ್ಟು ವರ್ಷದಲ್ಲಿ ಅವರಿಂದ ಆಗಲಿಲ್ಲ. ಎಂಬತ್ತಾರು ದಾಟಿದ ಅತ್ತೆ ಮಂಡಿ ನೀವಿಕೊಂಡಾಗಲೆಲ್ಲ, ಅಷ್ಟು ದೊಡ್ಡ ಎಕ್ಸ್-ರೇ ಆಫೀಸಿನಲ್ಲಿದ್ದುಕೊಂಡು ಮನೆಯವರ ಒಂದು ಮಂಡಿ ತೆಗೆಸಿಕೊಡುವ ಯೋಗ್ಯತೆ ಇಲ್ಲವಲ್ಲ ಎಂದು ಸೊಸೆಯನ್ನು ಚುಚ್ಚುತ್ತಿದ್ದರು. ಸೊಸೆ, ಅದು ಆಕಾಶದಿಂದ ಬರುವ ಎಕ್ಸ್-ರೇ ಎಂದರೆ, ಆಕಾಶಕ್ಕೇನು ಮಂಡಿನೋವೇ ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದರು.

ನಿಜಕ್ಕೂ ಆ ಕೆಲಸ ಹೀಗಿತ್ತು. ಬಹಳ ದೂರದ ಒಂದು ಗ್ಯಾಲಕ್ಸಿಯ ನಟ್ಟನಡುವೆ, ಲಕ್ಷಾಂತರ ಸೂರ್ಯರಷ್ಟು ತೂಗುವ ಕಪ್ಪುಕುಳಿ ಕೂತಿದೆ. ಅದರಿಂದ ಒಂದು ಹನಿ ಬೆಳಕೂ ಆಚೆ ಬರುವುದಿಲ್ಲ. ಆದರೆ ಅದರ ಸುತ್ತ ಕಾದ ಅನಿಲ ತಟ್ಟೆಯ ಆಕಾರದಲ್ಲಿ ಗರಗರ ತಿರುಗುತ್ತಿರುತ್ತದೆ. ತಟ್ಟೆಯ ಮೇಲುಗಡೆ ಇನ್ನೂ ಬಿಸಿಯಾದ ಅನಿಲದ ಒಂದು ಕಿರೀಟ ಎಕ್ಸ್-ರೇ ಚೆಲ್ಲುತ್ತ ಮಿಣುಕುತ್ತದೆ. ಕಿರೀಟ ಒಮ್ಮೆ ಮಿಣುಕಿದರೆ ಆ ಬೆಳಕಿನಲ್ಲಿ ಒಂದಷ್ಟು ನೆಟ್ಟಗೆ ನಮ್ಮ ಕಡೆ ಬರುತ್ತದೆ, ಇನ್ನೊಂದಷ್ಟು ತಟ್ಟೆಗೆ ಬಡಿದು, ಪುಟಿದು, ಸ್ವಲ್ಪ ತಡವಾಗಿ ಬರುತ್ತದೆ. ಮೊದಲನೆಯದು ಕೂಗು, ಎರಡನೆಯದು ಪ್ರತಿಧ್ವನಿ. ಎಷ್ಟು ಸೆಕೆಂಡು ತಡ ಎಂದು ಗೊತ್ತಾದರೆ ಕಿರೀಟಕ್ಕೂ ತಟ್ಟೆಗೂ ಎಷ್ಟು ದೂರ ಎಂದು ಲೆಕ್ಕ ಸಿಗುತ್ತದೆ. ಯಾವ ದುರ್ಬೀನಿಗೂ ಕಾಣದ ಜಾಗವನ್ನು ಬರೀ ಗಡಿಯಾರ ಹಿಡಿದು ಅಳೆಯುವ ಜಾಣತನ ಇದು.

ಚುಕ್ಕಿಯಮ್ಮನ ಗಂಡ ನಿವೃತ್ತ ಬಸ್ ಕಂಡಕ್ಟರ್. ಅವರಿಗೆ ಇದನ್ನು ವಿವರಿಸಿದ್ದು ಹೀಗೆ: ನಾನು ಅಡುಗೆಮನೆಯಿಂದ ಕೂಗಿದ ಮೇಲೆ ನೀವು ‘ಆಂ’ ಎನ್ನಲು ಎಷ್ಟು ಹೊತ್ತು ಹಿಡಿಯುತ್ತದೋ, ಅದರಿಂದ ನೀವು ಎಷ್ಟು ದೂರ ಇದ್ದೀರಿ ಎಂದು ಹೇಳಬಹುದು. ಪಕ್ಕದಲ್ಲೇ ಪೇಪರ್ ಓದುತ್ತ ಕೂತಿದ್ದರೂ ನಾನು ‘ಆಂ’ ಎನ್ನುವುದಿಲ್ಲವಲ್ಲ ಎಂದು ಗಂಡ ನ್ಯಾಯವಾಗಿಯೇ ಕೇಳಿದರು. ಅದಕ್ಕೇ ವಿಜ್ಞಾನಿಗಳು ಗಂಡಂದಿರನ್ನು ಬಿಟ್ಟು ಗ್ಯಾಲಕ್ಸಿ ಹಿಡಿದಿರುವುದು ಎಂದು ಚುಕ್ಕಿಯಮ್ಮ ಮಾತು ಮುಗಿಸಿದರು.

ಇದಕ್ಕೆಂದೇ ಹಾರಿಸಿದ್ದ ಉಪಗ್ರಹದಲ್ಲಿ ಎಕ್ಸ್-ರೇ ಹಿಡಿಯುವ ಎರಡು ಪೆಟ್ಟಿಗೆಗಳಿದ್ದವು. ಅವುಗಳ ಅಧಿಕೃತ ಹೆಸರು ಒಂದೊಂದೂ ಒಂದು ಸಾಲು ಹಿಡಿಯುತ್ತಿದ್ದುದರಿಂದ ಎಲ್ಲರೂ ದೊಡ್ಡ ಡಬ್ಬಿ, ಚಿಕ್ಕ ಡಬ್ಬಿ ಎನ್ನುತ್ತಿದ್ದರು. ದೊಡ್ಡ ಡಬ್ಬಿಗೆ ಹೆಚ್ಚಾಗಿ ಸಿಕ್ಕುತ್ತಿದ್ದದ್ದು ಕೂಗು, ಚಿಕ್ಕದಕ್ಕೆ ಪ್ರತಿಧ್ವನಿ. ಬಂದು ಬಿದ್ದ ಒಂದೊಂದು ಬೆಳಕಿನ ಕಣಕ್ಕೂ ಡಬ್ಬಿ ತನ್ನ ಗಡಿಯಾರ ನೋಡಿ ಸಮಯದ ಮುದ್ರೆ ಒತ್ತಿ ಕಳಿಸುತ್ತಿತ್ತು. ಚುಕ್ಕಿಯಮ್ಮ ಆ ಮುದ್ರೆಗಳನ್ನು ಸರಿಪಡಿಸಿ, ಕೆಟ್ಟ ಭಾಗಗಳನ್ನು ಕತ್ತರಿಸಿ, ಹಸನು ಮಾಡಿ ಪ್ರೊಫೆಸರಿಗೆ ಕೊಡಬೇಕು. ಕತ್ತರಿಸಿ ತೆಗೆದ ತುಂಡುಗಳನ್ನು ಎಸೆಯದೆ ‘ಕಸ’ ಎಂಬ ಹೆಸರಿನಲ್ಲಿ ಆರು ತಿಂಗಳು ಇಟ್ಟುಕೊಳ್ಳುತ್ತಿದ್ದರು. ಹಳೆಯ ಬಟ್ಟೆಯಾಗಲಿ ಹಳೆಯ ಸೆಕೆಂಡಾಗಲಿ ತಕ್ಷಣ ಬಿಸಾಡುವ ಜಾಯಮಾನ ಅವರದಲ್ಲ.

ಒಂದು ಸಲ ದೊಡ್ಡ ಡಬ್ಬಿಯ ಗಡಿಯಾರ ಕೈಕೊಟ್ಟಿತು. ಪ್ರೊಫೆಸರ್ ರೈಲಿನಲ್ಲಿದ್ದರು. ಈ ಪ್ರೊಫೆಸರು ಆರಡಿ ಎತ್ತರದ, ಕನ್ನಡಕವನ್ನು ಹಣೆಯ ಮೇಲೇರಿಸಿಕೊಂಡು ಮನೆಯೆಲ್ಲ ಹುಡುಕುವ ಜಾತಿಯ ಮನುಷ್ಯ. ಮಾತಿನಲ್ಲಿ ಸದಾ ಅವಸರ. ರೈಲಿನಿಂದಲೇ ಫೋನು ಮಾಡಿದರು.

“ಅಮ್ಮಾ, ದೊಡ್ಡ ಡಬ್ಬಿ ಕಣಗಳನ್ನೆಲ್ಲ ನೂರೈವತ್ತು ಸೆಕೆಂಡು ಮುಂದಕ್ಕೆ ಹಾಕ್ಬಿಡಿ.”

ಅಷ್ಟು ಹೇಳುವಷ್ಟರಲ್ಲಿ ರೈಲು ಸುರಂಗ ಹೊಕ್ಕಿತು. ಚುಕ್ಕಿಯಮ್ಮ ಚೀಟಿಯಲ್ಲಿ ‘ಮುಂದಕ್ಕೆ, ೧೫೦’ ಎಂದು ಬರೆದುಕೊಂಡು, ಪ್ರತಿಯೊಂದು ಮುದ್ರೆಗೂ ನೂರೈವತ್ತನ್ನು ಕೂಡಿಸಿ, ಫೈಲು ಹಸನು ಮಾಡಿ ಕಳಿಸಿದರು. ಮುಂದಕ್ಕೆ ಹಾಕುವುದು ಎಂದರೆ ಮತ್ತೇನು? ಮದುವೆ ಮುಂದಕ್ಕೆ ಹಾಕಿದರು, ಪರೀಕ್ಷೆ ಮುಂದಕ್ಕೆ ಹಾಕಿದರು ಎಂದರೆ ಆಮೇಲೆ ಎಂದೇ ಅರ್ಥ. ಇದರಲ್ಲಿ ಯೋಚಿಸುವಂಥದ್ದು ಏನಿದೆ ಎಂದು ಅವರಿಗೆ ಅನ್ನಿಸಲೇ ಇಲ್ಲ.

ಮೂರು ವಾರ ಕಳೆದು, ಒಂದು ಬೆಳಿಗ್ಗೆ ಪ್ರೊಫೆಸರ್ ಮೆಟ್ಟಿಲು ಎರಡೆರಡಾಗಿ ಹಾರಿಕೊಂಡು ಬಂದು ಬಾಗಿಲಲ್ಲಿ ನಿಂತರು. ಉಸಿರು ಸಿಕ್ಕುತ್ತಿರಲಿಲ್ಲ. ಈ ಗ್ಯಾಲಕ್ಸಿಯಲ್ಲಿ ಪ್ರತಿಧ್ವನಿ ಮೊದಲು ಬರುತ್ತಿದೆ, ಕೂಗು ಆಮೇಲೆ ಬರುತ್ತಿದೆ ಎಂದರು. ಅದೂ ಒಂದೆರಡಲ್ಲ, ಇನ್ನೂರ ಇಪ್ಪತ್ತು ಸೆಕೆಂಡು ಮೊದಲು. ಇಷ್ಟು ದಿನ ಇಡೀ ಲೋಕ ಕಿರೀಟ ಮೊದಲು, ತಟ್ಟೆ ಆಮೇಲೆ ಎಂದುಕೊಂಡಿತ್ತು. ಇಲ್ಲಿ ನೋಡಿದರೆ ತಟ್ಟೆಯೇ ಮೊದಲು ಉರಿದು ಆಮೇಲೆ ಕಿರೀಟಕ್ಕೆ ಹಚ್ಚುತ್ತಿದೆ. ಲೆಕ್ಕವನ್ನು ಮೂರು ಸಲ ಮಾಡಿದ್ದರು, ಪ್ರೋಗ್ರಾಮನ್ನು ಸಾಲುಸಾಲಾಗಿ ಬಿಚ್ಚಿ ನೋಡಿದ್ದರು. ನೋಡದೇ ಬಿಟ್ಟದ್ದು ಒಂದನ್ನೇ, ಮೂಲ ಫೈಲನ್ನು. ಅದನ್ನು ಚುಕ್ಕಿಯಮ್ಮ ನೋಡಿದ್ದರಲ್ಲ, ಇನ್ನು ನೋಡುವುದೇನು?

ಅದೇ ಹುಮ್ಮಸ್ಸಿನಲ್ಲಿ ಇನ್ನೊಂದು ಮಾತು ಹೇಳಿದರು. ಈ ಸಂಶೋಧನೆಯೆಲ್ಲ ಕಾಲದ ಲೆಕ್ಕದ ಮೇಲೆ ನಿಂತಿದೆ, ಕಾಲದ ಲೆಕ್ಕ ನಿಮ್ಮದು, ಆದ್ದರಿಂದ ಪ್ರಬಂಧದ ಲೇಖಕರಲ್ಲಿ ಐದನೆಯವರಾಗಿ ನಿಮ್ಮ ಹೆಸರೂ ಅಚ್ಚಾಗುತ್ತದೆ. ಪೂರ್ತಿ ಹೆಸರು ಬರೆದುಕೊಡಿ, ಯಾಕೆಂದರೆ ನನಗೆ ಗೊತ್ತಿಲ್ಲ ಎಂದರು.

ಈ ಮಾತು ಚುಕ್ಕಿಯಮ್ಮನಿಗೆ ಏನು ಮಾಡಿತು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವರ ಹೆಸರು ಅಲ್ಲಿಯತನಕ ಎಲ್ಲೂ ಅಚ್ಚಾಗಿರಲಿಲ್ಲ. ಡಿಗ್ರಿ ಪಾಸಾದ ವರ್ಷ ಪೇಪರಿನಲ್ಲಿ ಬಂದದ್ದು ಬರೀ ನಂಬರು. ಅವರು ಹಸನು ಮಾಡಿದ ಫೈಲುಗಳಿಂದ ಹುಟ್ಟಿದ ಪ್ರಬಂಧಗಳು ನೂರು ದಾಟಿದ್ದವು. ಒಂದೊಂದರ ಕೊನೆಯಲ್ಲೂ ‘ದತ್ತಾಂಶ ವಿಭಾಗಕ್ಕೆ ಕೃತಜ್ಞತೆಗಳು’ ಎಂದಿರುತ್ತಿತ್ತು. ವಿಭಾಗ ಎಂದರೆ ಅವರೊಬ್ಬರೇ, ಜೊತೆಗೆ ಫ್ಯಾನು. ಮನೆಯಲ್ಲಿ ಗಂಡನಿಗೆ ‘ಏ’, ಅತ್ತೆಗೆ ‘ಇವಳೇ’, ಬೀದಿಗೆ ಕಂಡಕ್ಟರ ಹೆಂಡತಿ. ಅಪ್ಪನ ಹೆಸರಿನ ಮೊದಲಕ್ಷರ, ಅದರ ಮುಂದೆ ಐದಕ್ಷರದ ತಮ್ಮದೇ ಹೆಸರು ಬರೆಯುವಾಗ ಮೂರನೇ ಅಕ್ಷರ ಸೊಟ್ಟಗಾಯಿತು. ಹಾಳೆ ಹರಿದು ಹಾಕಿ ಇನ್ನೊಂದರಲ್ಲಿ ಬರೆದುಕೊಟ್ಟರು. ಸಂತೋಷಕ್ಕೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ, ಯಾಕೆ ಸುಳ್ಳು ಹೇಳಬೇಕು.

ಮನೆಯಲ್ಲಿ ಸುದ್ದಿ ಹೇಳಿದ್ದೇ ತಪ್ಪಾಯಿತು. ಮೂವತ್ತೈದು ವರ್ಷ ಬಸ್ಸಿನಲ್ಲಿ ಕೂಗಿದ ಗಂಟಲು ಗಂಡನದು. ಮರುದಿನ ಮಧ್ಯಾಹ್ನದೊಳಗೆ ಕ್ಷೌರದಂಗಡಿ, ಔಷಧಿ ಅಂಗಡಿ, ಇಸ್ತ್ರಿಯವನು, ಎಲ್ಲರಿಗೂ ಡಂಗುರ ಹೊಡೆದಾಯಿತು. ಹೊಡೆದದ್ದೂ ಸರಿಯಾಗಿ ಹೊಡೆಯಲಿಲ್ಲ. ನನ್ನ ಹೆಂಡತಿ ಕಪ್ಪುಕುಳಿ ಕಂಡುಹಿಡಿದಿದ್ದಾಳೆ ಎಂದುಬಿಟ್ಟರು. ಇಸ್ತ್ರಿಯವನು ಪಾಪ, ಅದು ಯಾವ ರಸ್ತೆಯಲ್ಲಿ, ಗಾಡಿ ತಳ್ಳಿಕೊಂಡು ಹೋಗುವಾಗ ನೋಡಿಕೊಳ್ಳಬೇಕು ಎಂದು ವಿಳಾಸ ಕೇಳಿದ. ಅತ್ತೆಗೆ ಕಪ್ಪುಕುಳಿಯಲ್ಲಿ ಆಸಕ್ತಿ ಇರಲಿಲ್ಲ. ಹೆಸರು ಅಚ್ಚಾಗುತ್ತದಾ, ಪೂರ್ತಿ ಹೆಸರಾ ಎಂದು ಎರಡು ಸಲ ಕೇಳಿಕೊಂಡರು, ಅಷ್ಟೆ. ಆ ದಿನ ಮಂಡಿಯ ಮಾತು ಎತ್ತಲಿಲ್ಲ.

ಒಂದು ತಿಂಗಳು ಕಳೆದು ಪ್ರಬಂಧ ಕಳಿಸುವ ಶುಕ್ರವಾರ ಬಂತು. ಸಂಜೆ ನಾಲ್ಕಕ್ಕೆ ಕಳಿಸುವುದು. ಅದಕ್ಕೆ ಮೊದಲು, ಬೆಳಿಗ್ಗೆ ಹನ್ನೊಂದಕ್ಕೆ ಸಭೆ ಸೇರಿ ಕೊನೆಯ ಸಲ ಓದುವುದು ಎಂದಾಗಿತ್ತು. ಹಿಂದಿನ ದಿನ ಪ್ರೊಫೆಸರ್ ತಾವೇ ಬೋರ್ಡಿನಲ್ಲಿ ಬರೆದರು: ‘ನಾಳೆಯ ಸಭೆಯನ್ನು ಒಂದು ಗಂಟೆ ಮುಂದಕ್ಕೆ ಹಾಕಲಾಗಿದೆ.’ ಅದನ್ನು ಓದಿಕೊಂಡು ಎಲ್ಲರೂ ಹನ್ನೆರಡಕ್ಕೆ ಸರಿಯಾಗಿ ಹೋದರೆ, ಪ್ರೊಫೆಸರ್ ಹತ್ತರಿಂದ ಒಬ್ಬರೇ ಕೂತು, ಸಭೆಗೆಂದು ತರಿಸಿಟ್ಟ ಬಿಸ್ಕತ್ತನ್ನೆಲ್ಲ ಖಾಲಿ ಮಾಡಿ, ಕೆಂಡ ಕಾರುತ್ತಿದ್ದರು. ಒಂದು ಗಂಟೆ ಮುಂದಕ್ಕೆ ಎಂದರೆ ಹತ್ತು ಗಂಟೆಗಲ್ಲವೇ, ಅಷ್ಟೂ ಗೊತ್ತಾಗುವುದಿಲ್ಲವೇ ಎಂದು ರೇಗಿದರು. ಮುಂದಿನ ವಾರ ಎಂದರೆ ಹಾಗಾದರೆ ಹೋದ ವಾರವೇ ಸಾರ್ ಎಂದು ಹಿಂದಿನ ಸಾಲಿನಿಂದ ಯಾರೋ ಕೇಳಿದರು.

“ರೀ, ಕ್ಯೂನಲ್ಲಿ ಮುಂದೆ ನಿಂತೋನು ಮೊದಲು ಹೋಗ್ತಾನೋ ಆಮೇಲೆ ಹೋಗ್ತಾನೋ? ಮುಂದೆ ಅಂದ್ರೆ ಮೊದಲು. ನಾನು ಹುಟ್ಟಿದಾಗಿಂದ ಹಾಗೇ ಹೇಳ್ತಿರೋದು.”

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಚುಕ್ಕಿಯಮ್ಮನೂ ನಕ್ಕರು. ನಗು ಅರ್ಧಕ್ಕೇ ನಿಂತಿತು. ಹುಟ್ಟಿದಾಗಿನಿಂದ ಹಾಗೇ ಹೇಳುವ ಮನುಷ್ಯ ರೈಲಿನಲ್ಲಿ ಕೂತು ನೂರೈವತ್ತು ಸೆಕೆಂಡು ಮುಂದಕ್ಕೆ ಎಂದಾಗ ಏನು ಹೇಳಿದ ಹಾಗಾಯಿತು? ಕೂಡಿಸಿ ಎಂದಲ್ಲ. ಕಳೆಯಿರಿ ಎಂದು.

ತಲೆನೋವು ಎಂದು ನೆಪ ಹೇಳಿ ಎದ್ದು ತಮ್ಮ ಕೋಣೆಗೆ ಬಂದು ಬಾಗಿಲು ಹಾಕಿಕೊಂಡರು. ನೆಪ ಎನ್ನುವಂತೆಯೂ ಇರಲಿಲ್ಲ, ಬರುವಷ್ಟರಲ್ಲಿ ತಲೆ ನಿಜವಾಗಿಯೇ ಸಿಡಿಯುತ್ತಿತ್ತು. ಪರೀಕ್ಷಿಸಿ ನೋಡಲು ಒಂದೇ ದಾರಿಯಿತ್ತು. ಉಪಗ್ರಹ ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಒಂದೊಂದು ಸುತ್ತಿನಲ್ಲೂ ಭೂಮಿ ಅಡ್ಡ ಬಂದು ಗ್ಯಾಲಕ್ಸಿ ಮರೆಯಾಗುತ್ತದೆ. ಆ ಕತ್ತಲೆಯ ಭಾಗ ಕೆಲಸಕ್ಕೆ ಬಾರದ್ದೆಂದು ಅವರೇ ಕತ್ತರಿಸಿ ತೆಗೆದಿದ್ದರು. ಈಗ ‘ಕಸ’ ತೆರೆದು ಆ ತುಂಡುಗಳನ್ನೇ ನೋಡಿದರು. ಚಿಕ್ಕ ಡಬ್ಬಿಗೆ ಕತ್ತಲಾಗಿತ್ತು. ದೊಡ್ಡ ಡಬ್ಬಿಗೆ ಕತ್ತಲಾದದ್ದು ಸರಿಯಾಗಿ ಐದು ನಿಮಿಷ ಬಿಟ್ಟು. ಒಂದೇ ಮನೆಯಲ್ಲಿ ಕರೆಂಟು ಅಡುಗೆಮನೆಗೆ ಈಗ ಹೋಗಿ, ನಡುಮನೆಗೆ ಐದು ನಿಮಿಷ ತಡೆದು ಹೋಗುವುದುಂಟೇ? ಐದು ನಿಮಿಷ ಎಂದರೆ ಮುನ್ನೂರು ಸೆಕೆಂಡು. ಕಳೆಯಬೇಕಾಗಿದ್ದ ನೂರೈವತ್ತು, ಕೂಡಿಸಿದ ನೂರೈವತ್ತು.

ಕೂಡಿಸಿದ್ದನ್ನು ತೆಗೆದು, ಕಳೆದು ನೋಡಿದರು. ಎರಡೂ ಡಬ್ಬಿಗೆ ಒಟ್ಟಿಗೇ ಕತ್ತಲಾಯಿತು. ಪ್ರತಿಧ್ವನಿ ಕೂಗಿಗಿಂತ ಎಂಬತ್ತು ಸೆಕೆಂಡು ತಡವಾಗಿ, ತಲೆ ಬಗ್ಗಿಸಿಕೊಂಡು ತನ್ನ ಸರದಿಯಲ್ಲಿ ಬಂತು. ಲೋಕದ ಎಲ್ಲ ಗ್ಯಾಲಕ್ಸಿಗಳಂತೆ ಇದೂ ಒಂದು ಸಾಧು ಗ್ಯಾಲಕ್ಸಿ. ಹೊಸ ಸಂಗತಿ ಏನೂ ಇರಲಿಲ್ಲ.

ಗಂಟೆ ಒಂದೂಕಾಲು. ಪ್ರಬಂಧ ಹೋಗುವುದು ನಾಲ್ಕಕ್ಕೆ. ಡಬ್ಬಿಯ ಊಟ ಮುಟ್ಟದೆ ಚುಕ್ಕಿಯಮ್ಮ ಕೂತರು. ಬಾಯಿಬಿಟ್ಟರೆ ಪ್ರಬಂಧ ಹೋಗುವುದಿಲ್ಲ, ಹೆಸರೂ ಹೋಯಿತು. ಬಾಯಿಗೆ ಬೀಗ ಹಾಕಿಕೊಂಡರೆ ಕೇಳುವವರು ಯಾರು? ‘ಕಸ’ ಇರುವುದು ಅವರೊಬ್ಬರಿಗೇ ಗೊತ್ತು. ಇನ್ನು ನಾಲ್ಕು ತಿಂಗಳಿಗೆ ಅದೂ ಅಳಿಸಿಹೋಗುತ್ತದೆ. ಹೇಳಿದ್ದು ಅವರು, ಮಾಡಿದ್ದು ನಾನು, ನನ್ನ ಮೇಲೆ ಯಾಕೆ ಎಳೆದುಕೊಳ್ಳಲಿ ಎಂದು ಒಂದು ಕ್ಷಣ. ತಟ್ಟೆಯೇ ಮೊದಲು ಉರಿಯುವ ಗ್ಯಾಲಕ್ಸಿ ಎಲ್ಲೋ ಒಂದು ಇದ್ದರೂ ಇರಬಹುದಲ್ಲ, ಅದರ ಲೆಕ್ಕಕ್ಕೆ ಇದನ್ನು ಹಾಕಿಕೊಂಡರಾಯಿತು ಎಂದು ಇನ್ನೊಂದು ಕ್ಷಣ. ಈ ಯೋಚನೆಗೆ ಅವರಿಗೇ ನಾಚಿಕೆಯಾಯಿತು.

ಅಷ್ಟರಲ್ಲಿ ಗಂಡನ ಫೋನು. ಔಷಧಿ ಅಂಗಡಿಯವನು ಎಷ್ಟನೇ ಪುಟದಲ್ಲಿ ಬರುತ್ತದೆ ಎಂದು ಕೇಳುತ್ತಿದ್ದಾನಂತೆ. ಅಮ್ಮ ಬೆಳಿಗ್ಗೆಯಿಂದ ಮೂರು ಸಲ ‘ಬಂತಾ’ ಎಂದಳಂತೆ. ಆಮೇಲೆ ಮಾತಾಡುತ್ತೇನೆ ಎಂದು ಚುಕ್ಕಿಯಮ್ಮ ಫೋನಿಟ್ಟು, ಬಚ್ಚಲಿಗೆ ಹೋಗಿ, ನಲ್ಲಿ ಜೋರಾಗಿ ಬಿಟ್ಟು, ಐದು ನಿಮಿಷ ಅತ್ತರು. ಅತ್ತದ್ದು ಗ್ಯಾಲಕ್ಸಿಗಲ್ಲ, ವಿಜ್ಞಾನಕ್ಕಲ್ಲ, ಆ ಐದಕ್ಷರಕ್ಕೆ. ಆಮೇಲೆ ಮುಖ ತೊಳೆದುಕೊಂಡು ಪ್ರೊಫೆಸರ್ ಕೋಣೆಗೆ ನಡೆದರು. ಇಪ್ಪತ್ತೊಂಬತ್ತು ವರ್ಷ ಚುಕ್ಕಿಗಳು ಏನು ಹೇಳಿದವೋ ಅದನ್ನೇ ಬರೆದುಕೊಟ್ಟಿದ್ದರು. ಈ ಒಂದು ಸಲ ಅವುಗಳ ಬಾಯಲ್ಲಿ ಸುಳ್ಳು ಹೇಳಿಸಿ ಬದುಕುವುದು ಅವರಿಂದ ಆಗುವ ಕೆಲಸವಾಗಿರಲಿಲ್ಲ.

ಪ್ರೊಫೆಸರ್ ಪೂರ್ತಿ ಕೇಳಿಸಿಕೊಂಡರು. ಹಣೆಯ ಮೇಲಿನ ಕನ್ನಡಕ ಇಳಿಸಿ ಮೇಜಿನ ಮೇಲಿಟ್ಟರು.

“ಹಾಗಾದ್ರೆ ಪ್ರತಿಧ್ವನಿ ಆಮೇಲೇನೇ ಬರೋದಾ?”

“ಹೂಂ ಸಾರ್. ಎಂಬತ್ತು ಸೆಕೆಂಡು ಬಿಟ್ಟು.”

ಪ್ರೊಫೆಸರ್ ಮುಖ ನೋಡಿ ಚುಕ್ಕಿಯಮ್ಮನಿಗೆ ತಮ್ಮ ದುಃಖ ಮರೆತು ಅಯ್ಯೋ ಅನ್ನಿಸಿತು. ಆಮೇಲೆ ಶುರುವಾಯಿತು ನೋಡಿ ಜಗಳ. ತಪ್ಪು ನನ್ನದು, ಅರ್ಧಂಬರ್ಧ ಹೇಳಿದ್ದು ನಾನು ಎಂದು ಪ್ರೊಫೆಸರ್. ಮತ್ತೆ ಫೋನು ಮಾಡಿ ಕೇಳಿಕೊಳ್ಳಬೇಕಿದ್ದವಳು ನಾನು ಎಂದು ಚುಕ್ಕಿಯಮ್ಮ. ಮೂಲ ಫೈಲು ನೋಡದೆ ಒಂದು ತಿಂಗಳು ಕುಣಿದಾಡಿದ್ದು ನಾನು ಎಂದು ಅವರು. ನೋಡದ ಹಾಗೆ ಅಭ್ಯಾಸ ಮಾಡಿಸಿದವಳು ನಾನು ಎಂದು ಇವರು. ಸಾಮಾನ್ಯವಾಗಿ ಆಫೀಸುಗಳಲ್ಲಿ ತಪ್ಪು ಒಬ್ಬರಿಂದೊಬ್ಬರಿಗೆ ದಾಟಿ ಕೊನೆಗೆ ರಜೆಯಲ್ಲಿರುವವರ ಕೊರಳಿಗೆ ಬೀಳುತ್ತದೆ. ಇಲ್ಲಿ ಇಬ್ಬರು ಅದನ್ನು ಹಿಡಿದು ತಮ್ಮತಮ್ಮ ಕಡೆಗೇ ಎಳೆದಾಡುತ್ತಿದ್ದರು. ಟೀ ತಂದವನು ಬಾಗಿಲಲ್ಲೇ ನಿಂತು ಕೇಳಿ, ಲೋಟ ಇಟ್ಟು ಹೋದ.

ನಾಲ್ಕಕ್ಕೆ ಹೋಗಬೇಕಾಗಿದ್ದ ಪ್ರಬಂಧ ಹೋಗಲಿಲ್ಲ. ಆದರೆ ಆ ಫೈಲು ಆಗಲೇ ಎಲ್ಲರಿಗೂ ಸಿಗುವ ದತ್ತಾಂಶ ಭಂಡಾರ ಸೇರಿತ್ತು. ಬೇರೆ ಎರಡು ಕಡೆಯವರು ಇಳಿಸಿಕೊಂಡೂ ಇದ್ದರು. ಆದ್ದರಿಂದ ತಿದ್ದುಪಡಿ ಪ್ರಕಟಣೆ ಹೊರಡಿಸಲೇಬೇಕಿತ್ತು. ಪ್ರೊಫೆಸರ್ ‘ಸಿಬ್ಬಂದಿಯ ಕಣ್ತಪ್ಪಿನಿಂದ’ ಎಂದು ಶುರು ಮಾಡಿದರು.

“ಸಿಬ್ಬಂದಿ ಅಂತ ಯಾರಿದಾರೆ ಸಾರ್ ಅಲ್ಲಿ?” ಎಂದರು ಚುಕ್ಕಿಯಮ್ಮ. “ನಾನಿದೀನಿ. ನೂರು ಸಲ ವಿಭಾಗ ಅಂತ ಹಾಕಿದ್ರಿ, ಸುಮ್ನಿದ್ದೆ. ತಪ್ಪಿಗಾದ್ರೂ ನನ್ನ ಹೆಸರು ಹಾಕಿ.”

ಪ್ರೊಫೆಸರ್ ತಲೆಯೆತ್ತಿ ನೋಡಿದರು. ಬರೆದದ್ದನ್ನು ಹೊಡೆದು ಹಾಕಿ ಬೇರೆ ಬರೆಯತೊಡಗಿದರು.

ಮನೆಯಲ್ಲಿ ಗಂಡನ ಮುಖ ಇಷ್ಟಗಲ ಇದ್ದದ್ದು ಇಷ್ಟಾಯಿತು. ಹೆಂಡತಿ ಮಾಡಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಆದರೆ ಬೀದಿಗೆ ಏನು ಹೇಳುವುದು? ಇಸ್ತ್ರಿಯವನಿಗೆ ಏನು ಹೇಳುವುದು? ಕಪ್ಪುಕುಳಿ ಮುಚ್ಚಿಹೋಯಿತು ಅನ್ನಿ ಎಂದರು ಚುಕ್ಕಿಯಮ್ಮ. ಅತ್ತೆಗೆ ವಿಷಯ ಹೇಳಿದಾಗ ಅವರು ಗೋಡೆಯ ಕಡೆ ತಿರುಗಿ ಮಲಗಿದರು. ಮಾಮೂಲಿನಂತೆ ಚುಚ್ಚದೇ ಇದ್ದದ್ದೇ ಸೊಸೆಗೆ ಜಾಸ್ತಿ ಚುಚ್ಚಿತು.

ಬುಧವಾರ ಪ್ರಕಟಣೆ ಅಚ್ಚಾಗಿ ಬಂತು. ಒಂದೇ ಹಾಳೆ. ಅದರ ಜೊತೆಗೇ, ಇನ್ನು ಮೇಲೆ ಸಂಶೋಧನಾಲಯದಲ್ಲಿ ಸಮಯದ ವಿಚಾರಕ್ಕೆ ಮುಂದೆ, ಹಿಂದೆ ಎಂಬ ಪದಗಳನ್ನು ಯಾರೂ ಬಳಸಕೂಡದು, ಕೂಡಿಸಿ ಅಥವಾ ಕಳೆಯಿರಿ ಎಂದೇ ಹೇಳತಕ್ಕದ್ದು ಎಂಬ ಸುತ್ತೋಲೆಯೂ ಬಂತು. ಸಂಜೆಯೊಳಗೆ ರಜೆ ಕೇಳುವವರು ಕೂಡ ಎರಡು ದಿನ ಕಳೆಯಿರಿ ಸಾರ್ ಎನ್ನತೊಡಗಿದ್ದರು. ಚುಕ್ಕಿಯಮ್ಮ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದ ತಳಕ್ಕೆ ಹಾಕಿಕೊಂಡರು. ಮನೆಯಲ್ಲಿ ತೋರಿಸುವ ಉದ್ದೇಶ ಇರಲಿಲ್ಲ. ಆದರೆ ಗಂಡ ಟಿಫಿನ್ ಡಬ್ಬಿ ತೊಳೆಯಲೆಂದು ಚೀಲ ತೆಗೆದವರು ಹಾಳೆ ಬಿಚ್ಚಿ, ನಿಂತಲ್ಲೇ ಓದಿ, ಅದನ್ನು ತಮ್ಮ ತಾಯಿಯ ಮಂಚದ ಮೇಲಿಟ್ಟರು.

ಅತ್ತೆಗೆ ಅಕ್ಷರ ಕಾಣುತ್ತಿರಲಿಲ್ಲ. ಸೊಸೆಯನ್ನು ಕರೆದು ಓದು ಎಂದರು. ಬೇಡ ಅತ್ತೆ, ಅದು ನನ್ನ ತಪ್ಪಿನ ಕಾಗದ ಎಂದರೂ ಬಿಡಲಿಲ್ಲ. ಚುಕ್ಕಿಯಮ್ಮ ಮಂಚದ ತುದಿಯಲ್ಲಿ ಕೂತು ಓದಿದರು. ದೊಡ್ಡ ಡಬ್ಬಿಯ ಸಮಯದಲ್ಲಿ ಮುನ್ನೂರು ಸೆಕೆಂಡುಗಳ ತಪ್ಪಾಗಿದೆ. ತಪ್ಪಾಗಿ ಸೂಚನೆ ಕೊಟ್ಟವರು, ಪ್ರೊಫೆಸರ್ ಹೆಸರು. ತಪ್ಪಾಗಿ ಕೂಡಿಸಿದವರು. ಅಲ್ಲಿ ನಿಲ್ಲಿಸಿ ಮುಂದಿನದನ್ನು ಗುಳುಂ ಮಾಡಿ ಕೆಳಗಿನ ಸಾಲಿಗೆ ಹೋದರು. ತಪ್ಪನ್ನು ಕಂಡುಹಿಡಿದು, ತಾವಾಗಿಯೇ ಬಂದು ತಿಳಿಸಿ, ಸರಿಪಡಿಸಿದವರು. ಅಲ್ಲೂ ನಿಲ್ಲಿಸಿದರು. ಅಚ್ಚಾಗಿ ಬಂದ ಮೇಲೂ ಈ ಸಾಲಿನವರೆಗೆ ಅವರು ಓದಿರಲೇ ಇಲ್ಲ.

“ಯಾಕೆ ನಿಲ್ಲಿಸ್ದೆ?”

“ಅಲ್ಲಿ ನನ್ನ ಹೆಸರಿದೆ ಅತ್ತೆ.”

“ಎಷ್ಟು ಕಡೆ?”

“ಎರಡು ಕಡೆ.”

“ತಪ್ಪಿಂದೆಲ್ಲ ನಂಗ್ಯಾಕೆ. ಹೆಸರು ಓದು.”

ಚುಕ್ಕಿಯಮ್ಮ ಓದಿದರು. ಅಪ್ಪನ ಅಕ್ಷರ, ಆಮೇಲೆ ತಮ್ಮ ಐದು. ತಮ್ಮ ಹೆಸರನ್ನು ತಾವೇ ಗಟ್ಟಿಯಾಗಿ ಹೇಳಿ ಎಷ್ಟು ವರ್ಷವಾಗಿತ್ತೋ, ನಾಲಿಗೆಗೆ ಬೇರೆ ಯಾರದೋ ಹೆಸರಿನ ಹಾಗೆ ಅನ್ನಿಸಿತು. ಅಡುಗೆಮನೆಯಲ್ಲಿ ಡಬ್ಬಿ ತೊಳೆಯುವ ಸದ್ದು ನಿಂತಿತ್ತು. ಅತ್ತೆ ಕಣ್ಣು ಮುಚ್ಚಿಕೊಂಡು ಆ ಹೆಸರನ್ನು ತುಟಿಯಲ್ಲೇ ನಿಧಾನವಾಗಿ ಒಂದು ಸಲ ಹೇಳಿ ನೋಡಿದರು. ಸೊಸೆ ಮನೆಗೆ ಬಂದ ಮೂವತ್ತೊಂದು ವರ್ಷದಲ್ಲಿ ಅವರು ಅದನ್ನು ಹೇಳಿದ್ದು ಅದೇ ಮೊದಲು.

“ಈಗ ಇನ್ನೊಂದು ಕಡೇದು ಓದು,” ಎಂದರು.